ಮುಕ್ಕು ಇಕ್ಕಳ

"ಕೇಳ್ರಪ್ಪೋ ಕೇಳಿ. ಹೊನ್ನಗೊಂಡಿ ಕೋಟೆಯ ರಾಣಿ ಗಂಗವ್ವ ನಾಗತಿಯವರ ಅಪ್ಪಣೆ. ನಾಳೆ ಬೆಳಗಿನ ಓಲಗದಲ್ಲಿ ರಾಣಿ ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಆಯುಧಶಾಲೆಯ ಒಡೆತನ. ತಪ್ಪು ಹೇಳಿದವನ ತಲೆ ಕೋಟೆ ಬಾಗಿಲಿಗೆ."

ಡಂಗುರ ಮದ್ದಿನ ಮನೆಯ ಮುಂದೆ ಹಾದುಹೋದಾಗ ಗಾದ್ರಿ ತೋಟಾ ಕಟ್ಟುತ್ತಿದ್ದ. ಹಾರಿಸಿ ಬರಿದಾದ ಹಿತ್ತಾಳೆ ಚಿಪ್ಪುಗಳನ್ನು ತೊಳೆದು, ಮದ್ದು ತುಂಬಿ, ಸೀಸದ ಗುಂಡು ಕೂರಿಸಿ, ಗುಂಡು ಅಲುಗದ ಹಾಗೆ ಚಿಪ್ಪಿನ ಬಾಯನ್ನು ಸುತ್ತಲೂ ಇಕ್ಕಳದಿಂದ ಹಿಸುಕುವುದು ಅವನ ಕೆಲಸ. ಈ ಕಸುಬು ಬಲ್ಲವರು ಆ ಕೋಟೆಯಲ್ಲಿ ಇಬ್ಬರೇ: ಗಾದ್ರಿ, ಮತ್ತು ಅವನಿಗೆ ಕಲಿಸಿದ ತಿಪ್ಪಯ್ಯ. ಹೆತ್ತವರಿಲ್ಲದ ಗಾದ್ರಿಯನ್ನು ಆರನೇ ವಯಸ್ಸಿನಿಂದ ಸಾಕಿದವನೂ ತಿಪ್ಪಯ್ಯನೇ.

"ಹೋಗಿ ನಿಲ್ಲು ಮಗ. ರಾಣಿ ಕೇಳೋದು ನಮ್ಮ ಕಸುಬಿನ ಒಗಟೇ ಅಂತ ಅರಮನೆಯಲ್ಲಿ ಮಾತು" ಎಂದ ತಿಪ್ಪಯ್ಯ.

"ನೀವೇ ನಿಲ್ಲಿ ಮಾವ. ನನಗಿಂತ ಬಲ್ಲವರು."

"ನನಗಿನ್ಯಾಕೆ ಒಡೆತನ? ನೀನು ಮೇಲೆ ಬಂದ್ರೆ ನನಗೆ ಅಷ್ಟೇ ಸಾಕು."

ಆ ಮಾತಿಗೆ ಗಾದ್ರಿಯ ಕಣ್ಣು ತುಂಬಿತು. ಮರುದಿನ ಒಗೆದ ಅಂಗಿ ತೊಟ್ಟು ಓಲಗಕ್ಕೆ ಹೋದ.

ರಾಣಿ ಬಿಳಿ ಸೀರೆಯಲ್ಲಿ ಕೂತಿದ್ದಳು. ಅವಳ ಮಗ ಯುವರಾಜ ಬೊಮ್ಮಣ್ಣ ಹೊಳೆ ಕಾಳಗದಲ್ಲಿ ಸತ್ತು ತಿಂಗಳಾಗಿತ್ತು.

"ಒಬ್ಬ ಅಬ್ಬರಿಸಿ ಸಾಯುತ್ತಾನೆ, ಹೊಟ್ಟೆ ಬರಿದಾಗಿ ನೆಲಕ್ಕೆ ಬೀಳುತ್ತಾನೆ. ಮನೆಗೆ ತಂದು ಉಣಿಸಿ ಬಾಯಿ ಮುಚ್ಚಿದರೆ ಮತ್ತೆ ಕಾಳಗಕ್ಕೆ ಹೊರಡುತ್ತಾನೆ. ಯಾರವನು?" ಎಂದಳು.

ದಳವಾಯಿಯ ಮಗ ಕಾಟಣ್ಣ ಎದ್ದುನಿಂತ. "ವೀರನ ಪ್ರೇತ, ತಾಯಿ. ಎಡೆ ಇಟ್ಟರೆ ಏಳುತ್ತೆ."

"ಅಲ್ಲ" ಎಂದಳು ರಾಣಿ. ಕಾವಲಿನವರು ಅವನ ತೋಳು ಹಿಡಿದರು. ಅವನ ಅಪ್ಪ ನೆಲ ನೋಡಿದ.

ಗಾದ್ರಿ ಮುಂದೆ ಬಂದ. "ಹಾರಿಸಿದ ತೋಟಾದ ಚಿಪ್ಪು, ತಾಯಿ. ಮದ್ದು ಉಣಿಸಿ ಬಾಯಿ ಬಿಗಿದರೆ ಮತ್ತೆ ಕೋವಿಗೆ ಬರುತ್ತೆ."

"ಸರಿ. ಎರಡನೆಯದು. ಸಡಿಲ ಬಿಟ್ಟರೂ ಒಡೆಯನಿಗೆ ಕೆಡುಕು, ಬಲವಾಗಿ ಹಿಡಿದರೂ ಒಡೆಯನಿಗೆ ಕೆಡುಕು. ಎಷ್ಟು ಬೇಕೆಂದು ಕಣ್ಣು ಹೇಳದು, ಬೆರಳೇ ಹೇಳಬೇಕು. ಏನದು?"

"ಸರಿಯಪ್ಪ ಮಸಿಗೈಯವನೇ, ಸಾಕು ನಿಂದು" ಎಂದು ಕುದುರೆಲಾಯದ ಜಂಪಣ್ಣ ಅವನನ್ನು ಪಕ್ಕಕ್ಕೆ ಸರಿಸಿದ. "ಲಗಾಮು, ತಾಯಿ. ಇದನ್ನ ನನ್ನನ್ನ ಕೇಳಬೇಕಾ?"

"ನಿನ್ನನ್ನು ಕೇಳಿರಲಿಲ್ಲ. ಅದೂ ಅಲ್ಲ."

ಜಂಪಣ್ಣನ ನಗು ಹಾಗೇ ಮುಖದ ಮೇಲೆ ಒಣಗಿತು. ಕಾವಲಿನವರು ಅವನನ್ನೂ ಹಿಡಿದರು.

"ಚಿಪ್ಪಿನ ಬಾಯಿಯ ಬಿಗಿತ" ಎಂದ ಗಾದ್ರಿ. "ಸಡಿಲಾದ್ರೆ ಗುಂಡು ಒಳಕ್ಕೆ ಜಾರುತ್ತೆ, ಮದ್ದು ಉದುರುತ್ತೆ. ಅತಿಯಾಗಿ ಹಿಸುಕಿದ್ರೆ ಹಿತ್ತಾಳೆ ಕೆಳಗೆ ಉಬ್ಬುತ್ತೆ. ಉಬ್ಬಿದ್ದು ಕೋವಿಯ ಗಂಟಲಲ್ಲಿ ಸಿಕ್ಕಿಕೊಂಡ್ರೆ ಮುಂದಿನದು ಹೋಗಲ್ಲ. ಹಿಡಿದವನು ಬರಿಗೈ."

"ನನ್ನ ಮಗ ಹಾಗೇ ಸತ್ತ" ಎಂದಳು ರಾಣಿ. ಬೀಗ ಹಾಕಿದ ಪೆಟ್ಟಿಗೆ ತರಿಸಿ ತೆರೆದಳು. "ಅವನ ಸೊಂಟದ ಪಟ್ಟಿಯಲ್ಲಿ ಉಳಿದಿದ್ದ ಮೂವತ್ತು ತೋಟಾ. ಎಲ್ಲವೂ ಉಬ್ಬಿವೆ. ಇವನ್ನು ಕಟ್ಟಿದವನು ಒಂದಕ್ಷರ ಬರೆಯದೆ ಮೂವತ್ತು ಸಲ ರುಜು ಹಾಕಿದ್ದಾನೆ. ಮೂರನೆಯದು ಇದೇ: ಎಲ್ಲಿದೆ ರುಜು, ಯಾರದು? ಇದರ ಉತ್ತರ ನನಗೂ ಗೊತ್ತಿಲ್ಲ. ತೋರಿಸಿಕೊಟ್ಟರೆ ಒಪ್ಪುತ್ತೇನೆ."

ಗಾದ್ರಿ ಒಂದನ್ನು ಎತ್ತಿಕೊಂಡು ಬಾಯಿಯ ಸುತ್ತ ಹೆಬ್ಬೆರಳು ಆಡಿಸಿದ. ಪ್ರತಿ ಹಿಸುಕಿನಲ್ಲೂ ಒಂದು ಸಣ್ಣ ಗೀರು. ಅವನ ಇಕ್ಕಳದ ಒಂದು ಹಲ್ಲು ಮುಕ್ಕಾಗಿತ್ತು. ಈ ಗೀರು ಅದರದ್ದೇ. ಜನರ ನಡುವೆ ಕೂತಿದ್ದ ತಿಪ್ಪಯ್ಯನನ್ನು ನೋಡಿದ.

ತಿಪ್ಪಯ್ಯ ಆಗಲೇ ಎದ್ದು ನಿಂತಿದ್ದ. "ಹೇಳೋಕೆ ಸಂಕಟ ಆಗುತ್ತೆ ತಾಯಿ. ಮುಕ್ಕು ಹಲ್ಲಿನ ಇಕ್ಕಳ ಕೋಟೆಯಲ್ಲಿ ಒಂದೇ ಇರೋದು. ಇವನದೇ."

ಅಲ್ಲಿಯವರೆಗೂ ಆ ಚಿಪ್ಪನ್ನು ಯಾರೂ ತಿಪ್ಪಯ್ಯನ ಕೈಗೆ ಕೊಟ್ಟಿರಲಿಲ್ಲ. ಅವನು ಕೂತಿದ್ದ ಜಾಗದಿಂದ ಗೀರು ಕಾಣುವಂತಿರಲಿಲ್ಲ. ತಪ್ಪನ್ನು ತನ್ನ ತಲೆಗೆ ಕಟ್ಟಲೆಂದೇ ಅವನು ಇಲ್ಲಿ ಬಂದು ನಿಲ್ಲು ಎಂದು ಕಳಿಸಿದ್ದು ಎನ್ನುವುದು ಗಾದ್ರಿಗೆ ಆಗ ತಿಳಿಯಿತು.

"ಇಕ್ಕಳ ನನ್ನದು ತಾಯಿ" ಎಂದ. "ಕೈ ನನ್ನದಲ್ಲ. ನಾನು ಎಡಚ. ಚಿಪ್ಪನ್ನು ತಿರುಗಿಸೋದೇ ಬೇರೆ ಕಡೆಗೆ. ನನ್ನ ಒಂದೊಂದು ಹಿಸುಕೂ ಹಿಂದಿನದರ ಎಡ ಅಂಚಿನ ಮೇಲೆ ಕೂರುತ್ತೆ. ಇವು ಮೂವತ್ತೂ ಬಲ ಅಂಚಿನ ಮೇಲೆ ಕೂತಿವೆ. ಬಲಗೈಯಲ್ಲಿ ಈ ಕೆಲಸ ಮಾಡೋರು ಒಬ್ಬರೇ."

ರಾಣಿ ಇಕ್ಕಳವನ್ನೂ ಎರಡು ಬರಿ ಚಿಪ್ಪುಗಳನ್ನೂ ತರಿಸಿದಳು. ಗಾದ್ರಿ ಎಡಗೈಯಲ್ಲಿ ಒಂದನ್ನು ಹಿಸುಕಿ ಕೊಟ್ಟ; ಹಿಸುಕುಗಳು ಎಡ ಅಂಚಿನ ಮೇಲೇ ಕೂತಿದ್ದವು. ತಿಪ್ಪಯ್ಯ ಇಕ್ಕಳವನ್ನು ಎಡಗೈಗೆ ತೆಗೆದುಕೊಂಡ. ಚಿಪ್ಪು ಜಾರಿ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು.

"ನೆನ್ನೆವರೆಗೂ ಬಲಗೈಯಲ್ಲೇ ಹಿಡೀತಿದ್ರಲ್ಲ ಮಾವ" ಎಂದ ಗಾದ್ರಿ.

ಮದ್ದಿನ ಮನೆಯಿಂದ ತಿಪ್ಪಯ್ಯ ಕಟ್ಟಿದ್ದ ತೋಟಾಗಳನ್ನು ತಂದು ಪಕ್ಕದಲ್ಲಿಟ್ಟು ನೋಡಿದರು. ಅಂಚುಗಳು ಅದೇ ಬಲಕ್ಕೆ. ಹೊಳೆ ಕಾಳಗದ ಶತ್ರು, ಆಚೆ ದಡದ ಪಾಳೆಯಗಾರ, ಇದಕ್ಕೆ ಹತ್ತು ಹಳ್ಳಿ ಬರೆದುಕೊಡುತ್ತೇನೆ ಎಂದಿದ್ದನೆಂದು ತಿಪ್ಪಯ್ಯ ಅಲ್ಲೇ ತಪ್ಪೊಪ್ಪಿಕೊಂಡ.

"ತಪ್ಪು ಹೇಳಿದ ಆ ಇಬ್ಬರನ್ನು ಬಿಡಿ" ಎಂದು ರಾಣಿ ಕಾವಲಿನವರಿಗೆ ಹೇಳಿದಳು. "ನನಗೆ ಬೇಕಿದ್ದದ್ದು ಒಂದೇ ತಲೆ."

ತಿಪ್ಪಯ್ಯ ಗಾದ್ರಿಯ ಕಡೆ ತಿರುಗಿದ. "ನನ್ನ ತಲೆ ಉಳಿಸಿ ಅಂತ ಹೇಳೋ ಮಗ. ಇವತ್ತು ನೀನು ಕೇಳಿದ್ರೆ ಅವರು ಇಲ್ಲ ಅನ್ನಲ್ಲ."

"ನಿಮ್ಮ ಇಕ್ಕಳ ಇತ್ತಲ್ಲ ಮಾವ. ಅದರಲ್ಲಿ ಯಾಕೆ ಮಾಡಲಿಲ್ಲ?"

"ಅದರಲ್ಲಿ ಮಾಡಿದ್ರೆ ನಾನು ಸಿಕ್ಕಿಬೀಳ್ತಿದ್ದೆ" ಎಂದ ತಿಪ್ಪಯ್ಯ, ಇದೂ ಕೇಳುವ ಮಾತೇ ಎನ್ನುವಂತೆ.

ರಾಣಿ ಆಯುಧಶಾಲೆಯ ಮುದ್ರೆಯುಂಗುರವನ್ನು ಗಾದ್ರಿಯ ಕೈಗೆ ಹಾಕಿದಳು. "ಇನ್ನೇನು ಬೇಕು, ಕೇಳು."

ತಿಪ್ಪಯ್ಯ ಗಾದ್ರಿಯ ಬಾಯನ್ನೇ ನೋಡುತ್ತ ನಿಂತ.

"ಕೋಟೆಯಲ್ಲಿ ಮಾವ ಕಟ್ಟಿಟ್ಟ ತೋಟಾ ಅಷ್ಟನ್ನೂ ಬಿಚ್ಚಿಸಬೇಕು ತಾಯಿ. ಯಾವುದನ್ನೂ ನಂಬೋ ಹಾಗಿಲ್ಲ."

"ನಿನ್ನ ಕಸುಬೂ ಅವನು ಕಲಿಸಿದ್ದೇ."

"ಹೌದು. ಅದಕ್ಕೇ ನಾನು ಕಟ್ಟಿದ್ದರಲ್ಲಿ ಮೊದಲನೆಯದನ್ನ ನಾನೇ ಹಾರಿಸಿ ನೋಡ್ತೀನಿ. ಆಮೇಲೆ ಉಳಿದವರ ಕೈಗೆ."

ತಿಪ್ಪಯ್ಯನನ್ನು ಕರೆದೊಯ್ದರು. ಗಾದ್ರಿ ತಲೆ ತಗ್ಗಿಸಲೂ ಇಲ್ಲ, ತಡೆಯಲೂ ಇಲ್ಲ. ಅಂದಿನಿಂದ ಹೊನ್ನಗೊಂಡಿಯಲ್ಲಿ ತೋಟಾದ ಹೊಸ ಪೆಟ್ಟಿಗೆ ಹೊರಬಿದ್ದಾಗಲೆಲ್ಲ ಆಯುಧಶಾಲೆಯ ಒಡೆಯ ಬುರುಜಿನ ಮೇಲೆ ಒಬ್ಬನೇ ನಿಂತು, ಕೋವಿಯನ್ನು ತನ್ನ ಕೆನ್ನೆಗೊತ್ತಿ, ಮೊದಲ ಗುಂಡು ಹಾರಿಸುತ್ತಿದ್ದ.