ಕಾಶಿಯಲ್ಲಿ ಬಿಟ್ಟ ಹಣ್ಣು

ಪರಮಪೂಜ್ಯ ಶ್ರೀ ಅಡವಯ್ಯಜ್ಜನವರಿಗೆ ತಮ್ಮದು ಅಂತ ಹೇಳಿಕೊಳ್ಳಲು ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ. ಮಳೆಗಾಲದಲ್ಲಿ ಯಾವುದಾದರೂ ಗುಡಿಯ ಕಟ್ಟೆ, ಚಳಿಗಾಲದಲ್ಲಿ ಯಾರದಾದರೂ ಬಣವೆಯ ಮರೆ. ಬೇಸಿಗೆಗೆ ಮಾತ್ರ ತಪ್ಪದೆ ಮಳಲಗಟ್ಟಿಯ ಹೊಳೆಗೆ ಬರುತ್ತಿದ್ದರು. ಸಂಕ್ರಾಂತಿ ಕಳೆದು ಮಲಪ್ರಭೆ ಒಂದು ಮಗ್ಗುಲಿಗೆ ಸರಿದು ಮಲಗಿದಾಗ, ಅವಳು ಬಿಟ್ಟುಕೊಟ್ಟ ಉಸುಕಿನ ಮೇಲೆ ನಾಲ್ಕು ಗಳ ನೆಟ್ಟು ಹುಲ್ಲು ಹೊದಿಸಿದರೆ ಆಯಿತು, ಅಜ್ಜನವರ ಆಶ್ರಮ ಎದ್ದು ನಿಂತಿತು ಅನ್ನಿ.

ಉಸುಕಿನಲ್ಲಿ ಗುಣಿ ತೋಡಿ ಬಳ್ಳಿ ಹಾಕುವುದು ಆ ಊರಿನ ವಾಡಿಕೆ. ಅಜ್ಜನವರೂ ಸ್ವಹಸ್ತದಿಂದ ಗುಣಿ ತೋಡಿ, ಗುಣಿಗೊಂದು ಬುಟ್ಟಿ ಕುರಿಗೊಬ್ಬರ ಸುರಿದು, ಕರಬೂಜದ ಬೀಜ ಸೌತೆಯ ಬೀಜ ಊರುತ್ತಿದ್ದರು. ದರ್ಶನಕ್ಕೆಂದು ಕಾಯಿ ಕರ್ಪೂರ ಹಿಡಿದು ಬಂದವರಿಗೆ, "ಕಾಯಿ ಆಮ್ಯಾಲ ಒಡಿಯಂತಿ, ಮೊದಲ ಬಳ್ಳಿಗೆ ಎರಡು ಕೊಡ ನೀರ ಹಾಕು" ಎಂದು ಅಪ್ಪಣೆಯಾಗುತ್ತಿತ್ತು. ದೊಡ್ಡ ಪಟಗ ಸುತ್ತಿದ ಗೌಡರೂ ಧೋತರ ಮೇಲೆ ಕಟ್ಟಿಕೊಂಡು ಕೊಡ ಹೊತ್ತವರೇ.

ಬಿಸಿಲು ತುಸು ಇಳಿದ ಮೇಲೆ ಅಲ್ಲಿಯ ಸೊಗಸು ನೋಡಬೇಕು. ತಮ್ಮ ತಮ್ಮ ಬಳ್ಳಿಗೆ ನೀರು ಹಾಕಿ ದಣಿದವರು ಒಬ್ಬೊಬ್ಬರಾಗಿ ಬಂದು, ಸಣ್ಣಗೆ ಹರಿಯುವ ನೀರಿಗೆ ಕಾಲು ಇಳಿಬಿಟ್ಟು ಸಾಲಾಗಿ ಕೂಡುತ್ತಿದ್ದರು. ಒಬ್ಬರ ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಇನ್ನೊಬ್ಬರದರಲ್ಲಿ ಗುರೆಳ್ಳು ಚಟ್ನಿ, ಮತ್ತೊಬ್ಬರು ತಂದ ತಂಬಿಗೆಯಲ್ಲಿ ಮಜ್ಜಿಗೆ. ಅಜ್ಜನವರೂ ಅವರ ನಡುವೆಯೇ, ಮೊಣಕಾಲು ಮುಳುಗುವಷ್ಟು ನೀರಲ್ಲಿ.

ಆ ಸಾಲಿನಲ್ಲಿ ಒಂದು ಕಾಲಕ್ಕೆ ನೀಲಗಂಗವ್ವನೂ ಇದ್ದಳು. ಗೆಳತಿ ಪಾರವ್ವನ ಜೊತೆ ಇಪ್ಪತ್ತೆಂಟು ಬೇಸಿಗೆ ಅವಳು ಆ ಉಸುಕಿನಲ್ಲಿ ಬಳ್ಳಿ ಹಾಕಿದ್ದಳು. ಕರಬೂಜದ ಹಣ್ಣು ಆರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ನಗುವುದರಲ್ಲಂತೂ ಕೇಳಲೇಬೇಡಿ. ಹೊಳೆಯಲ್ಲಿ ಕುಳಿತು ನಕ್ಕರೆ ದಂಡೆಯ ಮೇಲಿನ ಅವಳ ಮನೆಯ ಪಡಸಾಲೆಗೆ ಕೇಳಿಸುತ್ತಿತ್ತು. "ನಿನ್ನ ನಗಿ ಕೇಳಿ ಎಮ್ಮಿ ಕಣ್ಣಿ ಹರಕೊಂಡಾವು" ಎಂದು ಅಂಬಿಗರ ದುರ್ಗಪ್ಪ ಕಾಡುತ್ತಿದ್ದ. ಬೇಸಿಗೆಯಲ್ಲಿ ದೋಣಿಗೆ ಕೆಲಸವಿಲ್ಲದೆ ಬಾಯಿಗಷ್ಟೇ ಕೆಲಸ ಕೊಟ್ಟ ಮುದುಕ ಅವನು.

ಒಂದು ವರ್ಷ ವೈಶಾಖದಲ್ಲಿ ಅವಳ ಗಂಡ ಚನಮಲ್ಲಪ್ಪ ಜ್ವರ ಬಂದು ಮಲಗಿದ. ಎಂಟು ದಿನ ಅವಳು ಅವನ ತಲೆದಿಂಬಿನ ಮಗ್ಗುಲು ಬಿಟ್ಟು ಏಳಲಿಲ್ಲ. ಎಂಟನೆಯ ದಿನ ಜ್ವರ ಇಳಿದಂತೆ ಕಂಡಿತು. ಇಳಿಹೊತ್ತಿಗೆ ಪಾರವ್ವ ಬಂದು, "ಒಂದು ಗಳಿಗಿ ಹೊಳಿಗೆ ಬಾರಬೇ" ಎಂದು ಕೈಹಿಡಿದು ಎಬ್ಬಿಸಿದಳು. ಹೋದಳು. ನೀರಿಗೆ ಕಾಲು ಬಿಟ್ಟಳು, ಹಣ್ಣು ಕೊಯ್ದು ತಿಂದಳು, ದುರ್ಗಪ್ಪನ ಯಾವುದೋ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡನಿಗೆಂದು ಇನ್ನೊಂದು ಹಣ್ಣು ಉಡಿಯಲ್ಲಿಟ್ಟುಕೊಂಡು ಮನೆಗೆ ಬಂದರೆ ಅಂಗಳದ ತುಂಬ ಜನ. ಚನಮಲ್ಲಪ್ಪ ಹೋಗಿಬಿಟ್ಟಿದ್ದ.

'ಆತ ಜೀವ ಬಿಡುವಾಗ ನಾನು ನಗುತ್ತಿದ್ದೆ.' ಇದೊಂದು ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಯಾರಿಗೂ ಹೇಳಲಿಲ್ಲ. ಕಾರ್ತಿಕದಲ್ಲಿ ಊರಿನವರ ಜೊತೆ ಕಾಶಿಗೆ ಹೋದಳು. ಕಾಶಿಗೆ ಹೋದವರು ತಮಗೆ ಬಲು ಪ್ರೀತಿಯದೊಂದನ್ನು ಗಂಗೆಗೆ ಬಿಟ್ಟು ಬರಬೇಕಲ್ಲ, ಅವಳು ಕರಬೂಜದ ಹಣ್ಣು ಬಿಟ್ಟಳು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಊರಿಗೆ ಬಂದವಳು ಹೊಳೆಯ ದಾರಿ ಬಿಟ್ಟಳು, ಒಗ್ಗರಣೆಯ ಅಡುಗೆ ಬಿಟ್ಟಳು, ನಾಲ್ಕು ಮಂದಿಯ ಜೊತೆ ಕೂಡುವುದು ಬಿಟ್ಟಳು. ಪಾರವ್ವ ಬಾಗಿಲಿಗೆ ಬಂದರೆ ಎದ್ದು ಒಳಮನೆಗೆ ಹೋಗುತ್ತಿದ್ದಳು. ಸೊಸೆ ತಟ್ಟೆ ಹಿಡಿದು, "ಅತ್ತಿ, ಒಂದು ತುತ್ತು ಹಿಟ್ಟಿನ ಪಲ್ಯ ಹಚಗೋರಿ" ಎಂದು ಬೇಡಿದರೂ ಬರೀ ರೊಟ್ಟಿ ನೀರಲ್ಲಿ ಅದ್ದಿ ತಿನ್ನುತ್ತಿದ್ದಳು. ಮೈ ಕಡ್ಡಿಯಾಯಿತು. ಊರವರು, "ಕಾಶಿಗೆ ಹೋಗಿ ಬಂದ ಮ್ಯಾಲ ದೊಡ್ಡ ವೈರಾಗ್ಯ ಬಂತವ್ವ ಆಕಿಗೆ" ಎಂದು ಕೈಮುಗಿದರು. ಆ ಕೈಮುಗಿಯುವುದು ಅವಳಿಗೆ ಬೆಂಕಿ ಮುಟ್ಟಿದಂತಾಗುತ್ತಿತ್ತು.

ಇನ್ನೂ ಬಿಡುವುದು ಏನು ಉಳಿದಿದೆ ಎಂದು ಹುಡುಕಿದರೆ ಉಳಿದದ್ದು ಮಾತೊಂದೇ. ಸಾಯುವ ತನಕ ಮೌನ ಹಿಡಿಯಬೇಕು, ಅದಕ್ಕೆ ಗುರುವಿನ ಅಪ್ಪಣೆ ಬೇಕು. ಮರುಬೇಸಿಗೆಯಲ್ಲಿ ಒಂದು ಇಳಿಹೊತ್ತು ಗಟ್ಟಿ ಮನಸ್ಸು ಮಾಡಿ, ವರ್ಷದ ನಂತರ ಮೊದಲ ಸಲ, ಸೆರಗು ತಲೆತುಂಬ ಹೊದ್ದು ಹೊಳೆಗೆ ಇಳಿದಳು.

ಅಲ್ಲಿ ಕಂಡದ್ದೇನು! ಅಜ್ಜನವರು ನೀರಿನಲ್ಲಿ ಕುಳಿತು ಎರಡೂ ಕೈಯಲ್ಲಿ ಕರಬೂಜದ ಹೋಳು ಹಿಡಿದಿದ್ದರು. ರಸ ಮೊಣಕೈಯಿಂದ ಇಳಿಯುತ್ತಿತ್ತು. ಮಗ್ಗುಲಲ್ಲಿದ್ದ ದುರ್ಗಪ್ಪ, "ಅಜ್ಜಾರ, ನಿಮ್ಮ ಗಡ್ಡದಾಗ ನಾಕು ಬೀಜ ಸಿಕ್ಕಾವು. ಹಂಗ ಬಿಡ್ರಿ, ಬರೂ ವರ್ಷ ಗುಣಿ ತೋಡೂ ತ್ರಾಸ ಇಲ್ಲ" ಎಂದ. ಅಜ್ಜನವರು, "ಗೊಬ್ಬರಕ್ಕ ನೀ ಅದಿಯಲ್ಲಪಾ, ದಿನಾ ಬಂದು ಮಾತಾಡು ಸಾಕು" ಎಂದರು. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಆ ಸಾಲಿನ ಕೊನೆಯಲ್ಲಿ ಪಾರವ್ವ. ಇವಳನ್ನು ಕಂಡದ್ದೇ ನಗು ನುಂಗಿಕೊಂಡು ಮುಖ ತಿರುಗಿಸಿದಳು.

ನೀಲಗಂಗವ್ವನ ಕಾಲು ಅಲ್ಲಿಯೇ ನಿಂತವು. 'ನಾಲಿಗೆ ಗೆಲ್ಲದವರು ನನಗೇನು ಮೌನ ಕೊಟ್ಟಾರು? ಇವರೆಂಥ ಸಂತರು?' ಹೊಳ್ಳಿ ಹೋಗಬೇಕು ಅನ್ನುವಷ್ಟರಲ್ಲಿ ಅಜ್ಜನವರ ದೃಷ್ಟಿ ಬಿತ್ತು.

"ಬಾ ಯವ್ವಾ. ಏನು ಬಂದಿ?"

ಸೆರಗಿನೊಳಗಿಂದಲೇ ಹೇಳಿದಳು. "ಯಪ್ಪಾ, ನಂಗ ಮೌನದ ಅಪ್ಪಣಿ ಕೊಡ್ರಿ. ಸಾಯೂತನಕ ಬಾಯಿ ತೆರೆಯೂದಿಲ್ಲ."

ಅಜ್ಜನವರು ಕೈ ತೊಳೆದುಕೊಂಡರು. "ಆಗಲಿ, ನೋಡೂಣು. ಮೊದಲ ಎರಡು ಕೊಡ ನೀರ ಹಾಕು" ಎಂದರು.

ಹಾಕಿದಳು. ವರ್ಷದಿಂದ ಕೊಡ ಹೊತ್ತಿರಲಿಲ್ಲ; ಕಾದ ಉಸುಕು ಅಂಗಾಲಿಗೆ ಚುರ್ ಎಂದಿತು. ಗುಣಿಗೆ ನೀರು ಬಿದ್ದಾಗ ಎದ್ದ ಆ ಹಸಿ ವಾಸನೆಗೆ ಕಣ್ಣು ತುಂಬಿದವು, ಯಾಕೆಂದು ಅವಳಿಗೇ ತಿಳಿಯಲಿಲ್ಲ.

"ಈಗ ಒಂದು ಹಣ್ಣು ಕೊಯ್ದು ಕೊಡು. ನಿನ್ನ ಕೈ ಭಾಳ ಹೆಸರಾದದ್ದು."

ಹಣ್ಣು ಬಿಟ್ಟವಳಿಗೆ ಹಣ್ಣು ಕೊಯ್ಯುವ ಕೆಲಸ! ಆದರೆ ಗುರುವಿನ ಮಾತು. ಬಗ್ಗಿದಳು. ಬಗ್ಗಿದ್ದೇ ತಡ, ಅವಳ ಕೈ ಅವಳನ್ನು ಕೇಳಲಿಲ್ಲ. ಎಲೆ ಸರಿಸಿ, ಒಂದರ ಮೈ ಸವರಿ, ಇನ್ನೊಂದರ ಬುಡ ಮೂಸಿ, ಮೂರನೆಯದನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿದಳು. ತೊಟ್ಟು ತಾನಾಗಿ ಕಳಚಿ ಹಣ್ಣು ಅಂಗೈಗೆ ಬಂದು ಕೂತಿತು. ಹಣ್ಣಾದ ಕರಬೂಜದ ಗುಣವೇ ಅದು, ಬಳ್ಳಿಗೆ ಗೊತ್ತಾಗದಂತೆ ಬಿಟ್ಟುಬರುತ್ತದೆ.

"ಅದರ ಮಗ್ಗಲದ್ದೂ ಕೊಯ್ಯವ್ವ."

ಮುಟ್ಟಿ ನೋಡಿದಳು. "ಇದು ಬರೂದಿಲ್ರಿ ಅಜ್ಜಾರ."

"ಎಳಿ."

"ಎಳೀಬಾರದ್ರಿ! ತೊಟ್ಟು ಇನ್ನೂ ಬಿಟ್ಟಿಲ್ಲ. ಹರದರ ಬಳ್ಳಿನೂ ನೋಯತೈತಿ, ಕಾಯಿನೂ ಯಾರ ಬಾಯಿಗೂ ಆಗೂದಿಲ್ಲ. ಇಷ್ಟು ವರ್ಷ ಬಳ್ಳಿ ಹಾಕೀರಿ, ನಿಮಗ ಗೊತ್ತಿಲ್ಲೇನ್ರಿ?" ಗುರುಗಳಿಗೆ ಬುದ್ಧಿ ಹೇಳಿದೆನೆಂದು ನಾಲಿಗೆ ಕಚ್ಚಿಕೊಂಡಳು.

ಅಜ್ಜನವರು ಅವಳ ಮುಖವನ್ನೇ ನೋಡಿದರು. ಮೆತ್ತಗೆ ಕೇಳಿದರು:

"ಇಷ್ಟು ತಿಳಿದಾಕಿ, ನಿನ್ನನ್ನ ನೀ ಯಾಕ ಹರಕೋತಿ ಮಗಳ?"

ಅಷ್ಟೇ. ನೀಲಗಂಗವ್ವ ಹಣ್ಣು ಹಿಡಿದುಕೊಂಡೇ ಉಸುಕಿನ ಮೇಲೆ ಕುಸಿದಳು. ವರ್ಷದ ಮುಳ್ಳು ಹೊರಗೆ ಬಂತು. "ನಾ ನಕ್ಕೊಂಡು ಕುಂತಿದ್ನಿ ಯಪ್ಪಾ! ಅವರು ಅಲ್ಲಿ ಒಬ್ಬರ ಹೋದ್ರು, ನಾ ಇಲ್ಲಿ ಹಣ್ಣು ತಿಂದು ನಕ್ಕೊಂಡು ಕುಂತಿದ್ನಿ. ನಂಗ ಯಾ ನರಕ ಐತಿ?"

ದುರ್ಗಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡ. ಅಜ್ಜನವರು ಸಾಲಿನ ತುದಿಗೆ ತಿರುಗಿ, "ಪಾರವ್ವ, ನಿನ್ನ ಹೊಟ್ಟ್ಯಾಗ ಇರೂದನ್ನ ಇನ್ನ ಎಷ್ಟು ದಿನ ಇಟ್ಟಗೋತಿ?" ಎಂದರು. ಪಾರವ್ವ ಬೆಚ್ಚಿದಳು. ಆಕೆ ಅದನ್ನು ನರಪಿಳ್ಳೆಗೂ ಹೇಳಿದವಳಲ್ಲ. ಮಹಾತ್ಮರಿಗೆ ಯಾರು ಹೇಳಿದರೋ ಶಿವನೇ ಬಲ್ಲ.

ಎದ್ದು ಬಂದಳು. ಬಂದು ಗೆಳತಿಯ ಎದುರಿಗೆ ಕುಳಿತಳು.

"ನೀಲೀ, ಅವತ್ತ ನಾನಾಗಿ ಬಂದಿರಲಿಲ್ಲ ಬೇ. ನೀ ಹಿತ್ತಲಕ್ಕ ನೀರಿಗೆ ಹೋದಾಗ ಚನಮಲ್ಲಪ್ಪ ಮಾವ ಕಿಡಕ್ಯಾಗಿಂದ ನನ್ನ ಕರದ. 'ಪಾರವ್ವ, ಎಂಟು ದಿನಾತು ಇಕಿ ನಕ್ಕಿಲ್ಲ. ಹೊಳಿಗೆ ಕರ್ಕೊಂಡು ಹೋಗಿ ನಗಸು. ಇಲ್ಲಿತನಕ ಕೇಳಸತೈತಿ, ನಾ ಮಲಕೊಂಡು ಕೇಳ್ತೀನಿ' ಅಂದ. 'ನಾ ಕಳಿಸೇನಿ ಅಂತ ಹೇಳಬ್ಯಾಡ, ಹೇಳಿದರ ಆಕಿ ಎಬ್ಬಿಸಿದರೂ ಏಳೂದಿಲ್ಲ' ಅಂದ. ಹೇಳಾಕ ಎಷ್ಟು ಸಲ ಬಂದ್ನಿ. ನೀ ನನ್ನ ಮಾರಿ ನೋಡಿದರ ಎದ್ದು ಒಳಗ ಹೋಗ್ತಿದ್ದಿ."

ನೀಲಗಂಗವ್ವ ತಲೆಯೆತ್ತಿ ದಂಡೆಯ ಮೇಲಿನ ತನ್ನ ಮನೆ ನೋಡಿದಳು. ಪಡಸಾಲೆಯ ಕಿಟಕಿ ಹೊಳೆಯ ಕಡೆಗೇ ಇತ್ತು. ಇಪ್ಪತ್ತೆಂಟು ಬೇಸಿಗೆ ಆ ಕಿಟಕಿಯೊಳಗೆ ಕುಳಿತು ಒಬ್ಬ ಮನುಷ್ಯ ಕಿವಿಗೊಟ್ಟು ಕೇಳುತ್ತಿದ್ದ. ಅವಳಿಗೆ ಅದು ಇವತ್ತು ತಿಳಿಯಿತು.

"ಕೇಳಿಸಿತ್ತೇನ ಬೇ ಅವರಿಗೆ?" ಎಂದಳು, ಸಣ್ಣ ದನಿಯಲ್ಲಿ.

"ಎಮ್ಮಿಗೆ ಕೇಳಿಸಿದ್ದು ಮಾವಗ ಕೇಳಿಸೂದಿಲ್ಲೇನ?" ಪಾರವ್ವ ಅಳುತ್ತಲೇ ಅಂದಳು.

ಕಣ್ಣೊರೆಸಿಕೊಂಡ ನೀಲಗಂಗವ್ವ ಕೈಯಲ್ಲಿದ್ದ ಹಣ್ಣನ್ನು ಪಾದದ ಬಳಿ ಇಟ್ಟು, "ಆದರ ಯಪ್ಪಾ, ನಾ ಗಂಗವ್ವಗ ಬಿಟ್ಟು ಬಂದೇನಲ್ರಿ" ಎಂದಳು.

"ಏನು ಬಿಟ್ಟಿ?"

"ಕರಬೂಜದ ಹಣ್ಣ್ರಿ."

"ಸೌತಿಕಾಯಿ?"

"ಇಲ್ರಿ."

"ಮಜ್ಜಿಗಿ? ಗುರೆಳ್ಳ ಚಟ್ನಿ?"

"ಇಲ್ರಿ."

"ಪಾರವ್ವನ್ನ?"

ನೀಲಗಂಗವ್ವ ತಲೆ ತಗ್ಗಿಸಿ, "ಇಲ್ರಿ" ಎಂದಳು.

"ಗಂಗವ್ವಗ ಕೊಟ್ಟ ಮಾತು ನಡಸು, ಅದಕ್ಕ ಕೈ ಹಚ್ಚಬ್ಯಾಡ. ಆಕಿ ಬೇಡದ್ದನ್ನೆಲ್ಲ ತಿರುಗಿ ತಗೋ. ಮೌನ ಹಣ್ಣಾಗಿ ತೊಟ್ಟು ಕಳಚಿದಾಗ ತಾನ ಬರತೈತಿ, ನಾ ಎಳಿಯಾಂವ ಅಲ್ಲ."

ಪಾರವ್ವ ತನ್ನ ಬಳ್ಳಿಗೆ ಓಡಿ ಎರಡು ಎಳೆಯ ಸೌತೆ ತಂದಳು. ಹೊಳೆಯಲ್ಲಿ ತೊಳೆದು, ನಾಲ್ಕು ಸೀಳು ಮಾಡಿ, ಉಪ್ಪು ಖಾರ ಸವರಿ ಗೆಳತಿಯ ಕೈಗಿಟ್ಟಳು. ನೀಲಗಂಗವ್ವ ನೀರಿಗೆ ಕಾಲು ಇಳಿಬಿಟ್ಟು ಒಂದು ತುಂಡು ಕಡಿದಳು. ಕಟಂ ಎಂದಿತು. ವರ್ಷದಿಂದ ಉಪ್ಪು ಖಾರ ಕಾಣದ ನಾಲಿಗೆ. ಖಾರ ನೆತ್ತಿಗೇರಿ ಕೆಮ್ಮಿದಳು, ಕೆಮ್ಮಿ ಮೂಗು ಒರೆಸಿಕೊಂಡಳು. ಆಗ ದುರ್ಗಪ್ಪ, "ಅಳೂದು ಮುಗದು ಈಗ ಖಾರದ ಕಣ್ಣೀರು ಸುರು ಆತ ನೋಡ್ರಿ. ಹಿಂಗಾದ್ರ ಹೊಳಿ ತುಂಬತೈತಿ, ನಾ ದೋಣಿ ಬಿಡತೀನಿ" ಎಂದ.

ಮೊದಲು ಅವಳ ಭುಜ ಅಲುಗಿದವು. ಆಮೇಲೆ ನಗು ಬಂತು, ನೋಡಿ! ಮೊದಲಿನ ಹಾಗೇ, ಹೊಟ್ಟೆಯಿಂದ ಎದ್ದು, ತಡೆಯಿಲ್ಲದೆ, ಉಸುಕು ದಾಟಿ, ದಂಡೆ ಹತ್ತಿ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಸೊಸೆ ಮೊರ ಕೆಳಗಿಟ್ಟು ಹೊಳೆಯ ಕಡೆಗೆ ಓಡಿಬಂದಳಂತೆ. ದಂಡೆಯ ಮೇಲೆ ನಿಂತು ಅತ್ತೆಯನ್ನು ನೋಡಿ, ಅಲ್ಲಿಂದಲೇ ಪೂಜ್ಯರಿಗೆ ಕೈಮುಗಿದಳಂತೆ.

ಆಮೇಲೆ ನೀಲಗಂಗವ್ವ ಹದಿನಾರು ಬೇಸಿಗೆ ಬದುಕಿದಳು. ಅಜ್ಜನವರು ಶಿವೈಕ್ಯರಾದ ಮೇಲೂ ಅವರ ಗುಣಿಗಳಿಗೆ ತಾನೇ ನೀರು ಹಾಕಿದಳು. ಪಾರವ್ವನ ಜೊತೆ ಬುತ್ತಿ ಬಿಚ್ಚಿ ಚಟ್ನಿ ರೊಟ್ಟಿ ಉಂಡಳು, ಬಂದು ಹೋಗುವವರಿಗೆಲ್ಲ ಉಣಿಸಿದಳು. ಗಂಗೆಗೆ ಕೊಟ್ಟ ಮಾತನ್ನು ಒಂದು ದಿನವೂ ಮುರಿಯಲಿಲ್ಲ; ಕರಬೂಜದ ಒಂದು ಹೋಳೂ ಅವಳ ಬಾಯಿಗೆ ಹೋಗಲಿಲ್ಲ. ಆದರೆ ಸುತ್ತಲ ಹತ್ತು ಹಳ್ಳಿಯಲ್ಲಿ ಅವಳು ಆರಿಸಿಕೊಟ್ಟಂಥ ಹಣ್ಣು ಇನ್ನೊಬ್ಬರ ಕೈಯಿಂದ ಬರಲಿಲ್ಲ.

ಹೊಸದಾಗಿ ಬಂದವರು ಹಣ್ಣು ಕೈಗೆ ತೆಗೆದುಕೊಂಡು, "ಇದು ಸೀ ಐತೇನಬೇ?" ಎಂದು ಕೇಳುತ್ತಿದ್ದರು. ಅವಳು ಹೋಳು ಮಾಡಿ ಕೊಟ್ಟು, ಎದುರಿಗೇ ಕುಕ್ಕರಗಾಲಲ್ಲಿ ಕೂತು, ಮೊಣಕಾಲ ಮೇಲೆ ಗದ್ದ ಊರಿ ಹೇಳುತ್ತಿದ್ದಳು:

"ನೀ ತಿನ್ನವ್ವ. ನಿನ್ನ ಮಾರಿ ನೋಡಿ ಹೇಳ್ತೀನಿ."