ಒಲೆಗುಡ್ಡದ ಹತ್ತೊಂಬತ್ತು ಒಲೆಗಳು

ಅಳಿವೆಕೇರಿಯ ಬೆನ್ನಿಗಿರುವ ಗುಡ್ಡ ಅಷ್ಟೇನೂ ಎತ್ತರದ್ದಲ್ಲ. ಹೊಳೆ ಕಡಲನ್ನು ಸೇರುವಲ್ಲಿಂದ ಹೊರಟರೆ ಮುನ್ನೂರ ನಲವತ್ತು ಹೆಜ್ಜೆಗೆ ನೆತ್ತಿ ಸಿಗುತ್ತದೆ. ಮೂಡಣ ಮಗ್ಗುಲಲ್ಲಿ, ಕಡಲಗಾಳಿ ತಾಗದ ಕಡೆ, ಉದ್ದನೆಯ ಮುರಕಲ್ಲಿನ ಬಂಡೆಯೊಂದು ಸೂರಿನಂತೆ ಚಾಚಿಕೊಂಡಿದೆ. ಅದರಡಿಯಲ್ಲಿ ಮೂರು ಮೂರು ಕಲ್ಲಿನ ಒಲೆಗಳು ಸಾಲಾಗಿವೆ. ಕಲ್ಲುಗಳು ಹೊಗೆ ಕುಡಿದು ಕಪ್ಪಾಗಿವೆ.

ಹಿಂದೆ ಒಮ್ಮೆ, ಕೇರಿಯಲ್ಲಿ ಮೀನುಗಾರರ ಹತ್ತೊಂಬತ್ತು ಮನೆಗಳಷ್ಟೇ ಇದ್ದ ಕಾಲದಲ್ಲಿ, ಬಿರುಗಾಳಿಯೊಂದು ಕಡಲನ್ನು ಮನೆಯಂಗಳಕ್ಕೆ ನುಗ್ಗಿಸಿತಂತೆ. ಜನ ಗುಡ್ಡಕ್ಕೆ ಓಡಿ ಉಳಿದುಕೊಂಡರು. ಆದರೆ ಮೇಲೆ ತಿನ್ನಲು ಏನೂ ಇರಲಿಲ್ಲ. ನೀರು ತುಸು ಇಳಿದೊಡನೆ, ಹಸಿದ ಮಕ್ಕಳಿಗೆ ಗಂಜಿ ತರುತ್ತೇನೆಂದು ಸೋಮಕ್ಕ ಎಂಬವಳ ಗಂಡ ಕೆಳಗಿಳಿದ. ನೀರು ಮತ್ತೆ ಬಂತು, ಅವನು ಬರಲಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ಸೋಮಕ್ಕ ಕೇರಿಯವರಿಗೆ ಹೇಳಿದ್ದು ಇಷ್ಟು: ಮನೆಗೊಂದರಂತೆ ಗುಡ್ಡದ ಮೇಲೆ ಒಲೆ ಹೂಡಬೇಕು, ಅಕ್ಕಿ, ಒಣಮೀನು, ಮಡಕೆ ಅಲ್ಲೇ ಇರಬೇಕು, ಪ್ರತಿ ಅಮಾವಾಸ್ಯೆಗೆ ಎಲ್ಲರೂ ಕರಟದಲ್ಲಿ ಕೆಂಡ ಹಿಡಿದು ಹತ್ತಿ, ಅಲ್ಲೇ ಬೇಯಿಸಿ ಉಣ್ಣಬೇಕು, ಒಲೆ ಹಚ್ಚಿದ ಮೇಲೆ ಊಟ ಮುಗಿಯುವ ತನಕ ಯಾರೂ ಕೆಳಗಿಳಿಯಬಾರದು.

ಅವಳ ಮೈದುನ ಜಟ್ಟಪ್ಪ ಎಲ್ಲರಿಗಿಂತ ಹೆಚ್ಚು ನಕ್ಕ. "ಅತ್ತಿಗೆ, ಗುಡ್ಡದ ಮೇಲೆ ಬಲೆ ಬೀಸೂದು ಯಾವಾಗ? ಏಡಿ ಹತ್ತಿ ಬರ್ತಾವಾ ಅಲ್ಲಿವರೆಗೆ?"

"ನೀ ಮೊದಲು ಮೂರು ಕಲ್ಲು ಹೊತ್ತು ಹಾಕು ಮಾರಾಯಾ. ಬಂದ ಏಡಿ ಬೇಯ್ಸೂಕಾದ್ರೂ ಬೇಕಲ್ಲ."

ಕಲ್ಲೇನೋ ಹಾಕಿದ. ಅಮಾವಾಸ್ಯೆಯ ಊಟ ಬರಬರುತ್ತಾ ಊರಿನ ಸಡಗರವೇ ಆಯಿತು. ಯಾರ ಒಲೆ ಯಾವ ಮೂಲೆಗೆಂದು ಜಗಳವಾಡಿದವರೇ ಸಾರು ಹಂಚಿಕೊಂಡು ಉಂಡರು. ಹೊಳೆಯಾಚೆಯವರು ಸಾಲುಬೆಂಕಿ ಕಂಡು ಅದನ್ನು ಒಲೆಗುಡ್ಡ ಎಂದು ಕರೆಯತೊಡಗಿದರು, ಮೊದಮೊದಲು ಗೇಲಿಗೆ.

ಹೀಗೆ ಏಳು ವರ್ಷ ಕಳೆದ ಮೇಲೆ, ಎಂದಿನಂಥದೇ ಒಂದು ಬೆಳಗ್ಗೆ, ಹೆಂಗಸರು ಮರಳಿನಲ್ಲಿ ಸಿಗಡಿ ಹರವುತ್ತಿದ್ದರು. ಇಳಿತದ ಹೊತ್ತು. ಇಳಿಯಬೇಕಾದ ನೀರು ಏರುತ್ತಿತ್ತು. ಸೋಮಕ್ಕ ಸಿಗಡಿಯನ್ನು ಅಲ್ಲೇ ಬಿಟ್ಟು ಕೂಗಿದಳು. ಯಾರೂ ಏಕೆಂದು ಕೇಳಲಿಲ್ಲ. ಕಾಲಿಗೆ ದಾರಿ ಗೊತ್ತಿತ್ತು. ಗಾಳಿ ಮಳೆ ಎರಡೂ ಅಪ್ಪಳಿಸುವ ಹೊತ್ತಿಗೆ ಬಂಡೆಯಡಿ ಬೆಂಕಿ ಹತ್ತಿತು. ಸೋಮಕ್ಕ ಎಣಿಸಿದಳು. ಹದಿನೆಂಟು. ತಣ್ಣಗಿದ್ದದ್ದು ಜಟ್ಟಪ್ಪನ ಒಲೆ. ಹೆಂಡತಿ ಮಕ್ಕಳು ತವರಿಗೆ ಹೋಗಿದ್ದರು. ಹೊಸ ಬಲೆ ಕಟ್ಟಿಟ್ಟು ಬರುತ್ತೇನೆಂದು ಅವನೊಬ್ಬ ಹಿಂದುಳಿದಿದ್ದ.

ಅವನನ್ನು ಕರೆತರಲು ಇಬ್ಬರು ಎದ್ದು ನಿಂತರು, ಸೋಮಕ್ಕನೂ ಎದ್ದಳು. "ಇಳಿಬಾರ್ದು ಅಂದೋಳು ನೀನೇ ಅಲ್ವಾ ಸೋಮಕ್ಕ?" ಎಂದು ಒಬ್ಬ ಮುದುಕಿ ಕೇಳಿದಳು.

"ಕಟ್ಟು ಮಾಡಿದೋಳೂ ನಾನೇ, ಮುರಿಯೋಳೂ ನಾನೇ," ಎಂದು ಸೋಮಕ್ಕ ಆ ಇಬ್ಬರೊಂದಿಗೆ ಇಳಿದಳು. ಗುಡ್ಡದ ಬುಡದಲ್ಲಿ ಕಟ್ಟಿದ್ದ ಪಾತಿದೋಣಿಗೆ ಹಗ್ಗ ಬಿಗಿದು, ತೆಂಗಿನಿಂದ ತೆಂಗಿಗೆ ಸುತ್ತುತ್ತಾ ಸಾಗಿದರು. ಜಟ್ಟಪ್ಪ ತನ್ನ ಮನೆಯ ಮಾಡಿನ ಮೇಲೆ ಬಲೆಯನ್ನು ಅಪ್ಪಿಕೊಂಡು ಕುಳಿತಿದ್ದ.

"ಅತ್ತಿಗೆ, ಏಡಿ ಇಲ್ಲೀವರೆಗೂ ಬಂದ್ವು!"

"ಬಾಯಿ ಮುಚ್ಚಿ ದೋಣಿಗಿಳಿ," ಎಂದಳು ಅವಳು.

ಮೇಲೆ ತಲುಪಿದಾಗ ಅವನ ಬಳಿ ಒಣ ಕಟ್ಟಿಗೆ, ಕೆಂಡ ಒಂದೂ ಇರಲಿಲ್ಲ. ಹದಿನೆಂಟು ಒಲೆಯವರೂ ಒಂದೊಂದು ಉರಿಯುವ ಕೊಳ್ಳಿ ತಂದು ಅವನ ಮೂರು ಕಲ್ಲಿನ ನಡುವೆ ಇಟ್ಟರು. ಸೋಮಕ್ಕ ಮತ್ತೆ ಎಣಿಸಿದಳು, ಆಮೇಲೆ ಗಂಜಿ ಬಡಿಸಿದಳು.

ಈಗ ಕೇರಿಯಲ್ಲಿ ಮನೆಗಳು ಹೆಚ್ಚಾಗಿವೆ, ಒಲೆಗಳೂ ಹೆಚ್ಚಾಗಿವೆ. ಹಳೆಯ ಹತ್ತೊಂಬತ್ತೂ ಬಂಡೆಯ ಒಳಬದಿಗೆ ಇವೆ. ಮಳೆಗಾಲಕ್ಕೆ ಮುಂಚಿನ ಅಮಾವಾಸ್ಯೆಯಂದು ಹೋದವರಿಗೆ ಎಲ್ಲ ಒಲೆಗಳೂ ಉರಿಯುವುದು ಕಾಣುತ್ತದೆ, ಊಟವೂ ಸಿಗುತ್ತದೆ. ಜಟ್ಟಪ್ಪನ ಮನೆತನದವರು ಅಂದು ಗುಡ್ಡಕ್ಕೆ ಕಟ್ಟಿಗೆ ಒಯ್ಯುವುದಿಲ್ಲ; ಅವರ ಒಲೆ ಇಂದಿಗೂ ಉಳಿದವರ ಕೊಳ್ಳಿಗಳಿಂದಲೇ ಹತ್ತುತ್ತದೆ.