ಬೆರಳೊತ್ತದ ತಂತಿ

ಶಿಷ್ಯ ಕೇಳಿದ: "ಗುರುಗಳೇ, ಈಗ ತಂತಿವಾದ್ಯಗಳಿಗೆ ಹೊಸ ರಚನೆ ಮಾಡುವವರೆಲ್ಲ ತತ್ತ್ವದ ಮಾತಾಡುತ್ತಾರೆ. ಒಬ್ಬರು ಮಾಯೆ ಎನ್ನುತ್ತಾರೆ, ಇನ್ನೊಬ್ಬರು ಶೂನ್ಯ ಎನ್ನುತ್ತಾರೆ. ತತ್ತ್ವ ನಿಜವಾಗಿಯೂ ನಾದದೊಳಗೆ ಇಳಿಯುತ್ತದೆಯೇ?"

ಗುರುಗಳು ನಕ್ಕರು. "ಹೆಸರಿಡುವುದೇನು ಕಷ್ಟ? ಹೆಸರಿಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ. ಇಳಿಸಿದವನು ಒಬ್ಬನಿದ್ದ. ಅವನ ಕತೆ ಕೇಳು."

ಒಬ್ಬ ಪಿಟೀಲು ವಾದಕ ನಾಲ್ಕು ಪಿಟೀಲುಗಳ ಮೇಳ ಕಟ್ಟಿದ್ದ. ಅದಕ್ಕೆ ಬೇಕಾದ ರಚನೆಗಳನ್ನು ತಾನೇ ಮಾಡುತ್ತಿದ್ದ. ಬೆಳಿಗ್ಗೆ ಒಬ್ಬ ವಿದ್ವಾಂಸರ ಬಳಿ ವೇದಾಂತದ ಪಾಠ, ಸಂಜೆ ಮೇಳದ ಅಭ್ಯಾಸ. ಮೇಳದಲ್ಲಿ ಅವನ ಬಾಲ್ಯದ ಗೆಳೆಯನೂ ಇದ್ದ. ಆ ಗೆಳೆಯನಿಗೆ ಪಿಟೀಲು ಬಿಟ್ಟರೆ ಬೇರೆ ಪ್ರಪಂಚವೇ ಇರಲಿಲ್ಲ.

ಗೆಳೆಯನಿಗೆ ಲಕ್ವ ಹೊಡೆಯಿತು. ಬಲಗೈ ಉಳಿಯಿತು, ಎಡಗೈ ಬೆರಳುಗಳು ಸ್ವಾಧೀನ ತಪ್ಪಿದವು. ಕಮಾನು ಎಳೆಯಬಲ್ಲ, ತಂತಿಯ ಮೇಲೆ ಬೆರಳೊತ್ತಲಾರ. ಬೆರಳೊತ್ತದೆ ಪಿಟೀಲಿನಲ್ಲಿ ರಾಗ ಹೇಗೆ ಹುಟ್ಟೀತು? ಅವನೇ ಬಂದು, "ನನ್ನ ಜಾಗಕ್ಕೆ ಬೇರೆ ಯಾರನ್ನಾದರೂ ನೋಡಿಕೋ" ಎಂದ. ಮೇಳದ ಇನ್ನಿಬ್ಬರು ತಲೆ ತಗ್ಗಿಸಿದರು.

ರಚನಕಾರ ಒಪ್ಪಲಿಲ್ಲ. ಆಗ ಅವನ ಪಾಠದಲ್ಲಿ ಸಾಕ್ಷಿಯ ವಿಚಾರ ನಡೆದಿತ್ತು. ನಮ್ಮೊಳಗೆ ಎಲ್ಲವನ್ನೂ ಕಾಣುವುದೊಂದಿದೆ, ಅದು ತಾನಾಗಿ ಏನನ್ನೂ ಮಾಡುವುದಿಲ್ಲ, ಅದಕ್ಕೆ ಸಾಕ್ಷಿ ಎನ್ನುತ್ತಾರೆ. ಅವನಿಗೆ ದಾರಿ ಹೊಳೆಯಿತು. ಮೂವರು ನುಡಿಸುವ, ನಾಲ್ಕನೆಯವನು ಪಿಟೀಲು ಹಿಡಿದು ಮೊದಲಿಂದ ಕೊನೆಯವರೆಗೆ ಸುಮ್ಮನೆ ಕೂರುವ ಒಂದು ರಚನೆ ಮಾಡಿದ. ಆ ನಾಲ್ಕನೆಯವನೇ ಸಾಕ್ಷಿ. ಇಂಥ ತಪ್ಪು ಮಾಡಬೇಕಾದರೆ ಸಂಗೀತವೂ ಬರಬೇಕು, ವೇದಾಂತವೂ ಬರಬೇಕು!

ಗೆಳೆಯನಿಗೆ ಸಿಟ್ಟು ನೆತ್ತಿಗೇರಿತು. "ಸುಮ್ಮನೆ ಕೂರೋದಕ್ಕೆ ನಾನೇ ಬೇಕೇನೋ? ನನ್ನ ಫೋಟೋ ಇಟ್ಟು ಹಾರ ಹಾಕಿಬಿಡು" ಎಂದು ಎದ್ದು ಹೋದ.

ರಚನಕಾರನಿಗೆ ಅನ್ನ ಸೇರಲಿಲ್ಲ. ಸಾಕ್ಷಿ ಏನೂ ಮಾಡುವುದಿಲ್ಲ ಎಂಬ ಅರ್ಧವನ್ನು ಅವನು ಕಲಿತಿದ್ದ. ಅದಿಲ್ಲದೆ ಬೇರೇನೂ ತೋರುವುದಿಲ್ಲ ಎಂಬ ಇನ್ನರ್ಧ ಅವನ ತಲೆಗೆ ಹೋಗಿರಲಿಲ್ಲ. ರಚನೆಯನ್ನು ಹರಿದು ಹಾಕಿದ. ಮತ್ತೆ ಕೂತ. ಈ ಸಲ ಗೆಳೆಯನಿಗೆ ಬೆರಳೊತ್ತದ ಒಂದೇ ತಂತಿಯನ್ನು ಕೊಟ್ಟ. ಉಳಿದ ಮೂವರ ಸ್ವರಗಳನ್ನೆಲ್ಲ ಆ ತಂತಿಯ ಸುತ್ತ ಹೆಣೆದ. ಆಮೇಲೆ ಗೆಳೆಯನ ಮನೆಗೆ ಹೋಗಿ, "ನೀನಿಲ್ಲದಿದ್ದರೆ ಇದನ್ನು ನುಡಿಸೋಕೆ ಆಗಲ್ಲ ಕಣೋ, ಬಾ" ಎಂದು ಕರೆದ. ಗೆಳೆಯ ನಂಬಲಿಲ್ಲ, ಆದರೂ ಬಂದ. ಅಭ್ಯಾಸದ ನಡುವೆ ಬೇಕೆಂದೇ ತಂತಿಯಿಂದ ಕಮಾನು ಎತ್ತಿ ನೋಡಿದ. ಮೂವರೂ ನೆಲೆ ತಪ್ಪಿ ನಿಂತುಬಿಟ್ಟರು. ಅವನು ಮತ್ತೆ ಕಮಾನು ಹೂಡಿದ.

ಕಚೇರಿಯ ದಿನ ಪರದೆ ಏಳುವ ಮುಂಚೆ ರಚನಕಾರ ಗೆಳೆಯನ ಎಡಗೈಯನ್ನು ತಾನೇ ಎತ್ತಿ ಪಿಟೀಲಿನ ಕತ್ತಿನ ಮೇಲೆ ಇಟ್ಟ. ನಮ್ಮವರು ನೆಲದ ಮೇಲೆ ಕೂತು, ವಾದ್ಯದ ತುದಿಯನ್ನು ಕಾಲಿಗೆ ಆನಿಸಿ ನುಡಿಸುವವರು. ಹಾಗಾಗಿ ಪಿಟೀಲು ಜಾರಲಿಲ್ಲ.

ಇದೆಲ್ಲ ರಚನಕಾರ ನನಗೆ ಆಮೇಲೆ ಹೇಳಿದ್ದು. ಆ ಸಭೆಯಲ್ಲಿ ನಾನೂ ಕೂತಿದ್ದೆ. ಮೂವರು ರಾಗದಿಂದ ರಾಗಕ್ಕೆ ದಾಟಿದರು. ಅವರು ದಾಟಿದ ಹಾಗೆಲ್ಲ ನಾಲ್ಕನೆಯವನ ನಾದವೂ ಬೇರೆಯಾಗಿ ಕೇಳಿಸಿತು. ಒಮ್ಮೆ ಅದು ಷಡ್ಜ, ಒಮ್ಮೆ ಮಧ್ಯಮ, ಒಮ್ಮೆ ಪಂಚಮ. ಒಮ್ಮೆ ಸಂತೋಷ, ಒಮ್ಮೆ ತಡೆಯಲಾರದ ದುಃಖ. ತಂತಿ ಮಾತ್ರ ಅದೇ ಒಂದು. ಕೊನೆಗೆ ಮೂವರೂ ಒಬ್ಬೊಬ್ಬರಾಗಿ ನಿಲ್ಲಿಸಿದರು. ನಾಲ್ಕನೆಯವನು ಇನ್ನೂ ಕಮಾನು ಎಳೆಯುತ್ತಲೇ ಇದ್ದ. ನನಗೆ ಕಣ್ಣು ತುಂಬಿ ಬಂತು. ಅಂಥ ರಚನೆಯನ್ನು ನಾನು ಮತ್ತೆ ಕೇಳಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಆದರೆ ಗುರುಗಳೇ, ಆ ನಾದವೇ ಸಾಕ್ಷಿ ಅಂತ ಕೇಳಿದವರಿಗೆ ಗೊತ್ತಾಯಿತೇ?"

"ಇಲ್ಲಪ್ಪ, ಅವನ ಕೈ ಹೋಗಿದೆ ಅಂತಲೂ ಯಾರಿಗೂ ಗೊತ್ತಾಗಲಿಲ್ಲ" ಎಂದರು ಗುರುಗಳು.